ಕವರಿನ ಹಿಂಬದಿ ಓದಿ ಕೂಡಿಸಿದ 12 ಜಾಝ್ ಪ್ಲೇಟು

ನನ್ನ ಹತ್ತಿರ ಈಗ ಆಯ್ದು ತಂದ 12 ಜಾಝ್ ಎಲ್‌ಪಿಗಳಿವೆ, ಅಂದರೆ ಅಮೆರಿಕದ ಜಾಝ್ ಸಂಗೀತದ ಗ್ರಾಮಫೋನ್ ಪ್ಲೇಟುಗಳು. 12 ಅಷ್ಟೇ, ಆದರೆ ಒಂದೂ ಸುಮ್ನೆ ಕೂತಿಲ್ಲ. ಶುರು ಮಾಡಿದಾಗ ಕೌಲ್ ಬಜಾರಿನ ಗೆಳೆಯ, ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು, "ಬಳ್ಳಾರ್ಯಾಗ ಜಾಝ್ ಯಾರ್ ಕೇಳ್ತಾರಣ್ಣ, ರೊಕ್ಕ ಹಾಳು" ಅಂದಿದ್ದ. ಈಗ ಭಾನುವಾರ ಸಂಜೆ ಎಲ್ಲರಿಗಿಂತ ಮೊದಲು ಬರುವವನು ಅವನೇ.

ಮೊದಲ ವರ್ಷ ರೊಕ್ಕ ಹಾಳಾದದ್ದು ನಿಜ. ಬೆಂಗಳೂರಿನಿಂದ 20 ಪ್ಲೇಟಿನ ಗಂಟು ತರಿಸಿದೆ, ಸುಮಾರು 6,000 ರೂಪಾಯಿ. ಹೆಚ್ಚಿನವು ‘ಬೆಸ್ಟ್ ಆಫ್’ ಸಂಗ್ರಹಗಳು. ಯಾರು ನುಡಿಸಿದ್ದು, ಯಾವ ವರ್ಷ, ಏನೂ ಬರೆದಿರಲಿಲ್ಲ. ಮೇಲಿನ ಮಹಡಿಯ ಬೀರುವಿನಲ್ಲಿ ಮಲಗಿಸಿಟ್ಟೆ. ನಮ್ಮೂರ ಮೇ ತಿಂಗಳ ಬಿಸಿಲು ಗೊತ್ತಲ್ವಾ? ನಾಲ್ಕು ಹಪ್ಪಳದ ಹಾಗೆ ಸೊಟ್ಟಗಾದವು. ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಿಡಿದೆ. ಒಂದು ನೆಟ್ಟಗಾಯಿತು, ಮೂರರ ಗೆರೆಗಳೇ ಹೋದವು. ಈಗ ಎಲ್ಲವನ್ನೂ ಕೆಳಮನೆಯಲ್ಲಿ, ನಿಲ್ಲಿಸಿಯೇ ಇಡುತ್ತೇನೆ.

ಆಮೇಲೆ ಒಂದೇ ಪ್ಲೇಟು ಹಿಡಿದೆ: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’. ಕವರಿನ ಹಿಂಬದಿಯ ಹೆಸರುಗಳೇ ನನ್ನ ದಾರಿ. ಸ್ಯಾಕ್ಸೋಫೋನಿನ ಕ್ಯಾನನ್‌ಬಾಲ್ ಆಡರ್ಲಿ ಹೆಸರು ಹಿಡಿದು 1958ರ ‘ಸಮ್‌ಥಿಂಗ್ ಎಲ್ಸ್’. ಅದರಲ್ಲಿ ಅವನು ಯಜಮಾನ, ಮೈಲ್ಸ್ ಜೊತೆಗಾರ! ಇನ್ನೊಬ್ಬ ಸ್ಯಾಕ್ಸೋಫೋನಿನವನು ಜಾನ್ ಕೋಲ್ಟ್ರೇನ್, ಅವನನ್ನು ಹಿಡಿದು ‘ಬ್ಲೂ ಟ್ರೇನ್’. ಪಿಯಾನೋದ ಬಿಲ್ ಇವಾನ್ಸ್ ಹಿಡಿದು 1961ರಲ್ಲಿ ನ್ಯೂಯಾರ್ಕಿನ ಜಾಝ್ ಕ್ಲಬ್ಬು ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ರೆಕಾರ್ಡ್ ಆದದ್ದು. ಹೀಗೆ ತಂದರೆ ಹೊಸ ಪ್ಲೇಟಿನಲ್ಲೂ ಒಬ್ಬ ಪರಿಚಯದವನು ಇದ್ದೇ ಇರುತ್ತಾನೆ. ಕಿವಿಗೆ ಅವನೇ ದಾರಿ ತೋರಿಸುತ್ತಾನೆ.

‘ಕೈಂಡ್ ಆಫ್ ಬ್ಲೂ’ ನನ್ನನ್ನು ಬಹಳ ಕಾಡಿತು. ನನ್ನದು ಹಳೆಯ ಪ್ರತಿ. ಗೆಳೆಯ ಹಾರ್ಮೋನಿಯಂ ಹಿಡಿದು ಕೂತರೆ ಮೊದಲ ಬದಿ ಶ್ರುತಿಗೆ ಕೂಡುತ್ತಿರಲಿಲ್ಲ, ಸ್ವಲ್ಪ ಮೇಲೆ. ಟರ್ನ್‌ಟೇಬಲ್ ಕೆಟ್ಟಿದೆ ಅಂತ ಎರಡು ಸಲ ಬೆಲ್ಟ್ ಬದಲಿಸಿದೆ, 1,500ರಷ್ಟು ಹೋಯಿತು. ಆದರೆ ಎರಡನೇ ಬದಿ ಸರಿಯಾಗಿ ಕೂಡುತ್ತಿತ್ತು. ಆಗ ಅನುಮಾನ ಬಂತು. ವಿಚಾರಿಸಿದರೆ, 1959ರ ಮಾರ್ಚ್ 2ರಂದು ಮೊದಲ ಬದಿ ರೆಕಾರ್ಡ್ ಮಾಡುವಾಗ ಟೇಪ್ ಯಂತ್ರವೇ ಸ್ವಲ್ಪ ನಿಧಾನ ಓಡಿತ್ತಂತೆ. ಹಾಗಾಗಿ ಹಳೆಯ ಪ್ಲೇಟಿನಲ್ಲಿ ಅದು ಜೋರಾಗಿ ಓಡಿ ಶ್ರುತಿ ಮೇಲೇರುತ್ತದೆ. 1992ರ ಮರುಬಿಡುಗಡೆಯಲ್ಲಿ ಅದನ್ನು ಸರಿಪಡಿಸಿದರು. ನಮ್ಮ ಹಾರ್ಮೋನಿಯಂ ಮನೆಯಲ್ಲೇ ಕೂತು ಅದನ್ನು ಹಿಡಿಯಿತು, ಅದು ನನಗೆ ಹೆಮ್ಮೆ.

ಸಾಲು ತಪ್ಪಿಸಿ ತಂದದ್ದು ಒಂದೇ, ಪಿಯಾನೋ ವಾದಕ ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’. ಗೆಳೆಯನ ತಮ್ಮ ಮೃದಂಗ ಕಲಿತವನು. ಅದರಲ್ಲಿನ ‘ಟೇಕ್ ಫೈವ್’ ಕೇಳಿ ಮೊದಲು ಖಂಡಚಾಪು, ಅಂದರೆ ಐದೆಣಿಕೆಯ ತಾಳ, ಅಂದ. ಎರಡು ನಿಮಿಷ ತೊಡೆ ತಟ್ಟಿ, "ಇಲ್ಲಣ್ಣ, ತಕ ತಕಿಟ ಅಲ್ಲ, ತಕಿಟ ತಕ" ಅಂತ ತಿದ್ದಿದ. ಆವತ್ತು ಅದನ್ನೇ ಆರು ಸಲ ಹಾಕಿಸಿದ.

ಒಟ್ಟು ಖರ್ಚು ಮೂರು ವರ್ಷದಲ್ಲಿ 22,000 ಇರಬಹುದು, ಹಾಳಾದದ್ದೂ ಸೇರಿ. ತೊಳೆಯಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು. ಅದಕ್ಕೆ ನಾನು ಏನು, ಎಷ್ಟು ಹನಿ ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಅಗ್ಗಕ್ಕೆ ಎಲ್ಲಿ ತರುತ್ತೇನೆ ಅನ್ನುವುದೂ ಅಷ್ಟೇ.

13ನೆಯದು ಕೋಲ್ಟ್ರೇನನ ‘ಜೈಂಟ್ ಸ್ಟೆಪ್ಸ್’. ಬೇಸ್ ಅನ್ನುವ ದಪ್ಪ ದನಿಯ ತಂತಿವಾದ್ಯ ನುಡಿಸಿದವನು ಮತ್ತೆ ‘ಕೈಂಡ್ ಆಫ್ ಬ್ಲೂ’ದಲ್ಲಿದ್ದ ಪಾಲ್ ಚೇಂಬರ್ಸ್, ಅವನ ಹೆಸರಿಟ್ಟೇ ಮಾಡಿದ ‘ಮಿಸ್ಟರ್ ಪಿ.ಸಿ.’ ಅದರಲ್ಲಿದೆ. 3,500 ಹೇಳುತ್ತಿದ್ದಾರೆ. ಮೂರಕ್ಕೆ ಇಳಿದ ದಿನ ತರುತ್ತೇನೆ.