ಕಡಜ ಕಚ್ಚಿದ್ದಲ್ಲ, ಹಲ್ಲು ಒಡೆದದ್ದು

ನಮ್ಮ ಕರಿಯನ ಬಲಗಣ್ಣಿನ ಕೆಳಗೆ ಊದಿಕೊಂಡಿದ್ದು ಕಾಫಿ ಕೊಯ್ಲಿನ ಹೊತ್ತಿನಲ್ಲಿ. ಮೂಡಿಗೆರೆ ಕಡೆಯ ತೋಟಗಳಲ್ಲಿ ಆ ದಿನಗಳಲ್ಲಿ ನಾಯಿಯ ಮುಖ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. "ಕಡಜ ಕಚ್ಚಿರ್ಬೇಕು ಬಿಡಿ ಅಕ್ಕ" ಅಂದರು ಹಣ್ಣು ಕೊಯ್ಯಲು ಬಂದವರು. ನಾನೂ ಅರಿಶಿನ ಹಚ್ಚಿ ಸುಮ್ಮನಾದೆ. ವಾರದಲ್ಲಿ ಇಳಿಯಿತು. ಯುಗಾದಿ ಹೊತ್ತಿಗೆ ಅದೇ ಜಾಗ ಮತ್ತೆ ಊದಿ, ಈ ಸಲ ಒಡೆದು ಕೀವು ಸೋರಿತು. ಹುಡುಕಿಕೊಂಡು ಬಂದು ಒಂದೇ ಕಡೆ ಎರಡು ಸಲ ಕಚ್ಚುವ ಕಡಜ ಇರಲಾರದು ಅಂತ ಆಗ ಹೊಳೆಯಿತು.

ಬೇಲೂರು ದಾಟಿ ಹಾಸನಕ್ಕೆ ಕರೆದೊಯ್ದೆವು. ವೈದ್ಯರು ಊತವನ್ನು ಒಮ್ಮೆ ಮುಟ್ಟಿ ನೋಡಿ, ನೇರ ತುಟಿ ಎತ್ತಿ ಟಾರ್ಚ್ ಬಿಟ್ಟರು. ನಾಯಿ ಮಾಂಸ ಕತ್ತರಿಸಲು ಬಳಸುವ ಮೇಲ್ದವಡೆಯ ದೊಡ್ಡ ಹಲ್ಲಿನ ಹೊರಮೈಯಿಂದ ಒಂದು ಚಕ್ಕೆಯೇ ಎದ್ದುಹೋಗಿತ್ತು. ಆ ಹಲ್ಲಿನ ಬೇರುಗಳು ಇರುವುದು ಕಣ್ಣಿನ ಕೆಳಗೆ. ಚಕ್ಕೆ ಎದ್ದ ಕಡೆಯಿಂದ ಸೋಂಕು ಒಳಗಿಳಿದು, ಬೇರಿನ ತುದಿಯಲ್ಲಿ ಕೀವು ಕಟ್ಟಿ, ಕೆನ್ನೆಯಲ್ಲಿ ದಾರಿ ಮಾಡಿಕೊಂಡಿತ್ತು.

"ಮನೇಲಿ ಮೂಳೆ ಹಾಕ್ತೀರಾ?" ಅಂದರು.

ಹಾಕದೆ ಇರುತ್ತೇವಾ? ಕಡುಬು, ಹಂದಿ ಸಾರು ಮಾಡಿದ ಭಾನುವಾರ ಗಟ್ಟಿ ಮೂಳೆಯೆಲ್ಲ ಕರಿಯನ ಪಾಲು. ಮೂಳೆ ಕಡಿದರೆ ನಾಯಿ ಹಲ್ಲು ತಾನೇ ಚೊಕ್ಕಟವಾಗುತ್ತೆ ಅಂತ ಮಾವ ಹೇಳುತ್ತಿದ್ದರು. ನಾನೂ ನಾಲ್ಕು ಜನಕ್ಕೆ ಹೇಳಿದ್ದೆ. ಕಡಿಯಲು ಕೊಡುವುದರ ಮೇಲೆ ಹೆಬ್ಬೆರಳ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ಅದು ಹಲ್ಲಿಗಿಂತ ಗಟ್ಟಿ ಅಂದುಕೊಳ್ಳಿ ಎಂದರು ವೈದ್ಯರು. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುವ ಭಯ ಬೇರೆ.

ರಕ್ತ ಪರೀಕ್ಷೆ, ಎಕ್ಸ್‌ರೇ ಆಗಿ, ಪೂರ್ತಿ ಅರಿವಳಿಕೆ ಕೊಟ್ಟು ಹಲ್ಲು ತೆಗೆದರು. ಮೂರು ಬೇರಿನ ಹಲ್ಲು ಅದು. ಮೂರು ತುಂಡು ಮಾಡಿ ಒಂದೊಂದಾಗಿ ಎಳೆಯಬೇಕಾಯಿತು. ಅದರ ಜೊತೆಯಲ್ಲೇ ಉಳಿದ ಹಲ್ಲುಗಳನ್ನೂ ಕ್ಲೀನ್ ಮಾಡಿದರು. ಒಂಬತ್ತು ವರ್ಷದ ನಾಯಿ, ಅರಿವಳಿಕೆ ಇಲ್ಲದೆ ಆಗಲ್ಲವಾ ಅಂತ ಮೊದಲೇ ಕೇಳಿದ್ದೆ. ಎಚ್ಚರವಿರುವ ನಾಯಿಯ ಹಲ್ಲು ಕೆರೆದರೆ ಕಾಣುವಷ್ಟು ಭಾಗ ಬೆಳ್ಳಗಾಗುತ್ತದೆ ಅಷ್ಟೆ, ರೋಗ ಕೂತಿರುವುದು ವಸಡಿನ ಅಡಿಯಲ್ಲಿ, ಅಲ್ಲಿಗೆ ಅದು ಕೈ ಹಾಕಲು ಬಿಡುವುದಿಲ್ಲ ಅಂದರು.

ಇಷ್ಟು ತಿಂಗಳು ನನಗೆ ಯಾಕೆ ಗೊತ್ತಾಗಲಿಲ್ಲ? ಕರಿಯ ಅನ್ನ ಬಿಟ್ಟಿರಲಿಲ್ಲ. ಹಲ್ಲು ನೋಯುತ್ತಿದ್ದರೂ ನಾಯಿ ತಿನ್ನುತ್ತದೆ. ಈಗ ನೆನೆದರೆ, ಎಡಗಡೆಯಲ್ಲೇ ಅಗಿಯುತ್ತಿದ್ದ, ತುತ್ತು ಬೀಳಿಸುತ್ತಿದ್ದ. ಬಾಯಿ ನಾರುತ್ತಿತ್ತು ಕೂಡ; ನಾಯಿ ಬಾಯಿ ಅಲ್ಲವಾ, ನಾರದೆ ಇರುತ್ತಾ ಅಂದುಕೊಂಡಿದ್ದೆ.

ಹೊಲಿಗೆ ಮಾಯ್ದ ಮೇಲೆ ಹಲ್ಲುಜ್ಜುವ ಅಭ್ಯಾಸ ಶುರು. ಮೊದಲ ವಾರ ಬ್ರಷ್ ತೋರಿಸಲೇ ಇಲ್ಲ. ಉಪ್ಪು, ಈರುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರಿನಲ್ಲಿ ಬೆರಳು ಅದ್ದಿ ತುಟಿಯೊಳಗೆ ಸವರುವುದು, ಅಷ್ಟೆ. ಆಮೇಲೆ ಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿ ಉಜ್ಜಿದೆ. ಮೂರನೇ ವಾರ ಚಿಕ್ಕ ಮಕ್ಕಳ ಮೆತ್ತನೆ ಬ್ರಷ್ ಬಂತು. ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ: ನಾಯಿ ಉಗುಳುವುದಿಲ್ಲ, ನುಂಗುತ್ತದೆ, ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ಅದಕ್ಕೆ ವಿಷ. ಕೋಳಿ ರುಚಿಯ ನಾಯಿ ಪೇಸ್ಟೇ ಸಿಗುತ್ತದೆ.

ನಾನು ಮಾಡಿದ ದೊಡ್ಡ ತಪ್ಪು, ಬಾಯಿ ತೆರೆಸಲು ಹೋಗಿದ್ದು. ದಿನಾ ಕುಸ್ತಿ. ಬಾಯಿ ಮುಚ್ಚಿಯೇ ಇರಲಿ, ತುಟಿಯ ಮೂಲೆಯನ್ನು ಹಿಂದಕ್ಕೆ ಎತ್ತಿ ಹೊರಮೈ ಉಜ್ಜಿದರೆ ಬಹುಪಾಲು ಕೆಲಸ ಮುಗಿಯಿತು. ಒಳಮೈಯನ್ನು ನಾಲಿಗೆ ಅಷ್ಟಿಷ್ಟು ನೋಡಿಕೊಳ್ಳುತ್ತದೆ. ಬ್ರಷ್ ವಸಡಿನ ಅಂಚಿಗೆ ಓರೆಯಾಗಿ ತಾಗಬೇಕು. ಮೇಲಿನ ಹಿಂದಿನ ಹಲ್ಲುಗಳಿಗೆ ಹೆಚ್ಚು ಹೊತ್ತು ಕೊಡುತ್ತೇನೆ. ಜೊಲ್ಲಿನ ನಾಳ ಅಲ್ಲೇ ತೆರೆದುಕೊಳ್ಳುವುದರಿಂದ ಟಾರ್ಟರ್, ಅಂದರೆ ಹಲ್ಲಿಗೆ ಅಂಟುವ ಕಲ್ಲಿನಂಥ ಪದರ, ಅಲ್ಲೇ ಬೇಗ ಕಟ್ಟುತ್ತದೆ. ಮೊದಮೊದಲು ಬ್ರಷ್‌ಗೆ ರಕ್ತ ಹತ್ತಿದ್ದು ನೋಡಿ ಹೆದರಿ ಮೂರು ದಿನ ಬಿಟ್ಟೆ. ಅದೂ ತಪ್ಪೇ. ಹಲ್ಲಿನ ಮೇಲಿನ ಪಾಚಿ ಎರಡು ಮೂರು ದಿನದಲ್ಲಿ ಕಲ್ಲಾಗತೊಡಗುತ್ತದೆ, ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ. ಉಜ್ಜುತ್ತಾ ಹೋದಂತೆ ರಕ್ತ ತಾನೇ ನಿಂತಿತು.

ಸಂಜೆ ಅವನ ಅನ್ನ ಕಲಸುವ ಮುಂಚೆ ಜಗಲಿ ಮೇಲೆ ಈ ಕಾರ್ಯಕ್ರಮ. "ನಿನ್ನ ಮಕ್ಕಳಿಗೆ ಒಂದಿನ ಹೀಗೆ ಕೂತು ಉಜ್ಜಿದ್ದು ನಾನು ಕಾಣೆ ಕಣಮ್ಮ" ಅಂತ ಅತ್ತೆ ಅಡಿಕೆ ಕತ್ತರಿಸುತ್ತಾ ಹೇಳುತ್ತಾರೆ. ನಿಜ, ಉಜ್ಜಿಲ್ಲ.

ಬೆಕ್ಕು ಚಿನ್ನಿಯ ವಿಷಯದಲ್ಲಿ ನಾನು ಗೆದ್ದಿಲ್ಲ. ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಆದರೂ ಆ 30 ಹಲ್ಲುಜ್ಜುವುದೇ ಕಷ್ಟ. ಬಟ್ಟೆ ಸುತ್ತಿದ ಬೆರಳಿನಲ್ಲಿ ಒಂದು ದಿನ ಎಡಗಡೆ, ಮರುದಿನ ಬಲಗಡೆ, ಬಿಟ್ಟಷ್ಟು. ಬೆಕ್ಕುಗಳಲ್ಲಿ ಹಲ್ಲು ವಸಡಿನ ಹತ್ತಿರ ಒಳಗೊಳಗೇ ಕರಗುವ ರೋಗವೊಂದಿದೆ, ಎಷ್ಟು ಉಜ್ಜಿದರೂ ತಡೆಯಲಾಗುವುದಿಲ್ಲ. ಹಸಿವಿನಿಂದ ತಟ್ಟೆಗೆ ಬಾಯಿ ಹಾಕಿ ಚೀರಿ ಹಿಂದೆ ಸರಿದರೆ, ಜೊಲ್ಲು ಸುರಿಸಿದರೆ, ತಡಮಾಡದೆ ತೋರಿಸಿ ಅಂದಿದ್ದಾರೆ. ಅದಕ್ಕೇ ವರ್ಷಕ್ಕೊಮ್ಮೆ ಇಬ್ಬರನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಬೇಲೂರು ತನಕ ಚಿನ್ನಿಯ ಕೂಗು ನಿಲ್ಲುವುದಿಲ್ಲ.

ಭಾನುವಾರದ ಮೂಳೆಯನ್ನು ಈಗ ತೋಟದಲ್ಲಿ ಗುಂಡಿ ತೋಡಿ ಹೂಳುತ್ತೇವೆ. ಕರಿಯ ಎರಡು ಸಲ ಅಗೆದು ತಂದಿದ್ದಾನೆ. ಈಚೆಗೆ ಗುಂಡಿಯ ಮೇಲೆ ಕಲ್ಲು ಹೇರುತ್ತಿದ್ದೇವೆ.