ಸಂವಾದ ಬಿಟ್ಕೊಟ್ಟೆ, ಮೂರನೇ ಸಲಕ್ಕೆ ಸರಿ ಹೋಯ್ತು

ಮೈಸೂರಲ್ಲಿ ಎಂಎ ಮಾಡ್ತಾ ಶುರು ಮಾಡಿದ ನಮ್ಮ ಭಾನುವಾರದ ಸಂವಾದ, ಅಂದ್ರೆ ಒಂದು ವಿಷಯ ಇಟ್ಕೊಂಡು ಮಾತಾಡೋ ಸಭೆ, ಸ್ಟೂಡೆಂಟ್ಸೇ ನಡೆಸೋದು, ಊರೋರು ಯಾರು ಬೇಕಾದ್ರೂ ಬರಬಹುದು. ‘ನೀನು ಬಿಟ್ರೆ ಎರಡು ವಾರಾನೂ ನಡೆಯಲ್ಲ ಗುರು’ ಅಂದವರೇ ಜಾಸ್ತಿ. ಜೂನಿಯರ್ಸ್ ಕೈಗೆ ಬಿಟ್ಟು ಏಳು ತಿಂಗಳಾಯ್ತು, ಇನ್ನೂ ನಡೀತಿದೆ. ಜಂಬ ಇದೆ, ಇರ್ಲಿ ಬಿಡಿ.

ಮೊದಲನೇ ಸಲ ಬಿಡೋವಾಗ ಎಲ್ಲರೂ ಮಾಡೋದನ್ನೇ ಮಾಡಿದ್ದೆ. ಕೇಕು, ಸೆಲ್ಫಿ, ವಾಟ್ಸಾಪಲ್ಲಿ ಇಬ್ಬರು ಜೂನಿಯರ್ಸನ್ನ ಅಡ್ಮಿನ್ ಮಾಡಿ ಗ್ರೂಪಿಂದ ಲೆಫ್ಟು. ಮೂರನೇ ಭಾನುವಾರ ಫೋನ್ ಬಂತು, ಹಾಲ್‌ನೋರು ಬೀಗ ತೆಗೀತಿಲ್ಲ, ಲೆಟರಲ್ಲಿ ನಿಮ್ಮ ಹೆಸರೇ ಇದೆಯಂತೆ, ಮಾತಾಡೋಕೆ ಬಂದ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದಾರೆ ಅಂತ. ಓಡಿದೆ. ಎರಡನೇ ಸಲ ಮುಂದೆ ಯಾರು ನಡೆಸಬೇಕು ಅಂತ ಎಲೆಕ್ಷನ್ ಇಟ್ಟೆ, ಅದಂತೂ ಬುದ್ಧಿಗೇಡಿತನ. ಸೋತವನು ಹಾಸ್ಟೆಲ್ ಹುಡುಗರನ್ನೆಲ್ಲ ಎಬ್ಬಿಸ್ಕೊಂಡು ಹೋದ, ನಲವತ್ತು ಜನ ಬರ್ತಿದ್ದ ಕಡೆ ಹನ್ನೊಂದು.

ಮೂರನೇ ಸಲಕ್ಕೆ ಒಂದು ರಾತ್ರಿ ಕೂತು ನನ್ನ ಹೆಸರಲ್ಲಿ ಏನೇನಿದೆ ಅಂತ ಪಟ್ಟಿ ಮಾಡ್ದೆ. ಹಾಲ್ ಲೆಟರ್, ಯುಪಿಐ, ಟೀ ಲೆಕ್ಕ, ವಿಷಯ ಆರಿಸೋದು. ತಿಂಗಳಿಗೊಂದು ಕಳಚೋದು, ಅಷ್ಟೇ ಮೆಥಡ್ಡು. ದುಡ್ಡನ್ನ ಮೊದಲು ಬಿಟ್ಟೆ, ಯಾಕಂದ್ರೆ ಜನ ಹಾಕೋ ಇಪ್ಪತ್ತಿಪ್ಪತ್ತು ರೂಪಾಯಿ ನನ್ನ ಮೆಸ್ ದುಡ್ಡಿನ ಜೊತೆ ಬೆರೆತು ಯಾವುದು ಯಾವುದೋ ಗೊತ್ತಾಗ್ತಿರಲಿಲ್ಲ. ವಾರಕ್ಕೆ ಟೀ 400, ಮೇಷ್ಟ್ರ ಬಸ್ಸು ಊಟ 250, ಬರ್ತಿದ್ದಿದ್ದು 580ರ ಆಸುಪಾಸು. ಎರಡು ವರ್ಷಕ್ಕೆ ಏಳು ಸಾವಿರ ನನ್ನ ಜೇಬಿಂದಾನೇ ಹೋಗಿರಬೇಕು.

ಈ ಮಧ್ಯೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಆರಕ್ಕೆ ಒಂದು ಸಲ ಟ್ರೈ ಮಾಡಿದ್ವಿ, ಬಾಡಿಗೆ ಇಲ್ಲ ಮೈಕ್ ಇಲ್ಲ ಅಂತ. ವಾಕಿಂಗ್‌ನೋರು ನಿಂತು ಕೇಳಿ ಮುಂದೆ ಹೋಗೋರು, ಪೆಲಿಕನ್ ಒಂದು ನೀರಿಗಿಳೀತು ನೋಡಿ, ಅಲ್ಲಿಗೆ ಸಂವಾದ ಮುಗೀತು.

ಕಷ್ಟ ಆಗಿದ್ದು ವಿಷಯ ಆರಿಸೋದು ಬಿಡೋಕೆ. ಹೊಸ ಹುಡುಗಿ 1974ರ ಭೂಸುಧಾರಣೆ, ಅದೇ ಉಳೋರಿಗೇ ಜಮೀನು ಅನ್ನೋ ಕಾನೂನು, ಅದನ್ನ ಇಡ್ತೀನಿ ಅಂದ್ಳು. ಬೇಡಮ್ಮ, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲದ್ದನ್ನ ನಾನೂ ಇಟ್ಟಿದ್ದೆ, ಅರ್ಧ ಜನ ತೂಕಡಿಸಿದ್ರು ಅಂತ ಹೇಳೋಕೆ ಬಾಯಿಗೆ ಬಂದಿತ್ತು, ನುಂಗಿದೆ. ಅವಳು ಭಾಷಣಾನೇ ಇಡಲಿಲ್ಲ, ಮನೇಲಿರೋ ಹಳೇ ಕಾಗದ ತನ್ನಿ ಅಂದ್ಳು. ನಂಜನಗೂಡು ಕಡೆಯ ಒಬ್ಬ ತಾತ ಅವರಪ್ಪ ಗೇಣಿ ಜಮೀನು ತನ್ನ ಹೆಸರಿಗೆ ಮಾಡಿಕೊಡಿ ಅಂತ ಹಾಕಿದ್ದ ಅರ್ಜಿ, ಫಾರಂ ನಂಬರ್ 7ರ ಪ್ರತಿ ತಂದಿದ್ರು, ಸೀರೆ ಅಂಗಡಿ ಕವರಲ್ಲಿ, ಮಡಿಕೆ ಹರಿದಲ್ಲೆಲ್ಲ ಒಡೆದ ಬಿಂದಿಗೆಗೆ ಅಂಟಿಸೋ ಥರದ ದಪ್ಪ ಟೇಪು. ಆ ಅರ್ಜಿ ತೀರ್ಮಾನ ಮಾಡೋ ಟ್ರಿಬ್ಯುನಲ್ ಮುಂದೆ ‘ಉಳ್ತಾ ಇರೋದು ನಾನೇ’ ಅನ್ನೋಕೆ ಅವರಪ್ಪನಿಗೆ ಧಣಿ ಎದುರು ಬಾಯೇ ಬರಲಿಲ್ವಂತೆ. ಮೂರು ಗಂಟೆ ಯಾರೂ ಏಳಲಿಲ್ಲ, ನನ್ನ ಕಾಲದ ರೆಕಾರ್ಡ್ ಎರಡೇ ಗಂಟೆ.

ಕೊನೆ ಎರಡು ತಿಂಗಳು ಹೋಗ್ತಿದ್ದೆ, ಬಾಯಿ ಬಿಡ್ತಿರಲಿಲ್ಲ. ಜಗಳ ಬಂದಾಗೆಲ್ಲ ಎಲ್ಲರ ಕಣ್ಣೂ ನನ್ನ ಕಡೆಗೇ, ಅದಕ್ಕೆ ಕಂಬದ ಹಿಂದೆ ಕೂರೋಕೆ ಶುರು ಮಾಡ್ದೆ. ಅದೂ ಕೆಲಸ ಮಾಡ್ತು.

ಟೀ ಲೆಕ್ಕ ಒಂದು ಮಾತ್ರ ಕಳಚೋಕಾಗಿಲ್ಲ. ಅಂಗಡಿಯಣ್ಣ ಪುಸ್ತಕದಲ್ಲಿ ಹೆಸರು ಬದಲಾಯಿಸಲ್ಲ ಅಂತಾನೆ. ಹೋದ ವಾರ 840 ಕೊಟ್ಟು ಬಂದೆ.