ಫ್ಯಾಕ್ಟರಿ ರೀಸೆಟ್ ಆದ್ಮೇಲೂ ಕಿಂಡಲ್ ಜೈಲ್‌ಬ್ರೇಕ್ ಉಳಿಸಿಕೊಳ್ಳೋದು ಹೇಗೆ?

ಕಿಂಡಲ್ ಹ್ಯಾಂಗ್ ಆಯ್ತು, ರೀಸ್ಟಾರ್ಟ್ ಮಾಡಿದ್ರಿ, ಕೆಓರೀಡರ್ (ನಾವೇ ಹಾಕಿಕೊಂಡ ಪುಸ್ತಕ ಓದುವ ಆಪ್) ಕಾಣಲಿಲ್ಲ. ಜೈಲ್‌ಬ್ರೇಕೇ (ಅಮೆಜಾನ್ ಬಿಡದ ಆಪ್‌ಗಳನ್ನೂ ಹಾಕಲು ಕಿಂಡಲ್‌ನ ಬೀಗ ತೆಗೆದಿದ್ದು) ಹೋಯ್ತು ಅಂತ ಗಾಬರಿ ಬೇಡ. ರೀಬೂಟ್ ಏನನ್ನೂ ಅಳಿಸುವುದಿಲ್ಲ. ಲೈಬ್ರರಿಯಲ್ಲಿ ಕೆಯುಎಎಲ್ (ಇಂಥ ಆಪ್‌ಗಳನ್ನು ತೆರೆಯುವ ಮೆನು) ಒತ್ತಿ, ಅಲ್ಲಿಂದ ಕೆಓರೀಡರ್ ತೆರೆಯಿರಿ, ಅಷ್ಟೇ.

ಫ್ಯಾಕ್ಟರಿ ರೀಸೆಟ್ ಹಾಗಲ್ಲ. ಜೈಲ್‌ಬ್ರೇಕ್‌ನ ಕೀ (ನಾವು ಹಾಕುವ ಫೈಲ್‌ಗಳನ್ನು ಕಿಂಡಲ್ ಒಪ್ಪುವಂತೆ ಮಾಡುವ ಫೈಲ್) ಕೂತಿರುವುದು ಸಿಸ್ಟಮ್ ಭಾಗದಲ್ಲಿ, ಯುಎಸ್‌ಬಿ ಹಾಕಿದಾಗ ನಮಗೆ ಕಾಣುವ ಜಾಗದಲ್ಲಲ್ಲ. ಆದ್ದರಿಂದ ಕೀ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ನಾವು ಹಾಕಿದ ಕೆಯುಎಎಲ್, ಕೆಓರೀಡರ್, ಪುಸ್ತಕಗಳು ಎಲ್ಲಾ ಹೋಗುತ್ತವೆ.

ಹಾಗಾಗಿ ರೀಸೆಟ್‌ಗೆ ಮೊದಲು ಕೆಓರೀಡರ್, ಎಕ್ಸ್‌ಟೆನ್ಷನ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಳ್ಳಿ. ಪ್ರತಿ ಪುಸ್ತಕದ ಪಕ್ಕ ಅದೇ ಹೆಸರಿನ, ಕೊನೆಯಲ್ಲಿ ಎಸ್‌ಡಿಆರ್ ಅಂತಿರುವ ಒಂದು ಫೋಲ್ಡರ್ ಇರುತ್ತದೆ, ಅದನ್ನು ಬಿಡಲೇಬೇಡಿ, ಯಾಕಂದ್ರೆ ಕೆಓರೀಡರ್‌ನಲ್ಲಿ ನೀವು ಗೆರೆ ಎಳೆದ ಸಾಲುಗಳು, ಎಷ್ಟನೇ ಪುಟದಲ್ಲಿ ನಿಲ್ಲಿಸಿದ್ದಿರಿ ಅನ್ನುವುದು ಎಲ್ಲಾ ಇರುವುದು ಅದರೊಳಗೆ. ನಾನು ಒಮ್ಮೆ ಪುಸ್ತಕ ಮಾತ್ರ ಕಾಪಿ ಮಾಡಿ ಒಂದು ವರ್ಷದ ಟಿಪ್ಪಣಿ ಕಳೆದುಕೊಂಡೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮುಖ್ಯ ವಿಷಯ. ಅಪ್‌ಡೇಟ್ ಬರದಂತೆ ಓಟಿಎ (ವೈಫೈ ಮೂಲಕ ತಾನಾಗಿ ಅಪ್‌ಡೇಟ್ ಮಾಡುವ) ಫೈಲ್‌ಗಳ ಹೆಸರು ಬದಲಿಸಿದ್ದರೆ, ಕೆಯುಎಎಲ್‌ನಲ್ಲೇ ರೀಸ್ಟೋರ್ ಒತ್ತಿ ಮೊದಲಿನಂತೆ ಮಾಡಿದ ಮೇಲೆಯೇ ರೀಸೆಟ್ ಮಾಡಿ.

ರೀಸೆಟ್ ಮುಗಿದ ಕೂಡಲೇ ಕಿಂಡಲ್ ವೈಫೈ ಕೇಳುತ್ತದೆ. ಕೊಡಬೇಡಿ, ಮುಂದಕ್ಕೆ ಹೋಗಿ, ಏರೋಪ್ಲೇನ್ ಮೋಡ್ ಹಾಕಿ. ವೈಫೈ ಸಿಕ್ಕರೆ ಸುಮ್ನೆ ಇಟ್ಟಿದ್ದಾಗಲೇ ಹೊಸ ಫರ್ಮ್‌ವೇರ್ (ಕಿಂಡಲ್ ನಡೆಸುವ ಸಾಫ್ಟ್‌ವೇರ್) ಇಳಿಸಿಕೊಂಡುಬಿಡುತ್ತದೆ.

ಈಗ ಕಿಂಡಲ್ ಅನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ಹಾಕಿ, ಯೂನಿವರ್ಸಲ್ ಹಾಟ್‌ಫಿಕ್ಸ್‌ನ (ಜೈಲ್‌ಬ್ರೇಕ್ ಅನ್ನು ಮತ್ತೆ ಸರಿಮಾಡುವ ಪ್ಯಾಕೇಜ್) ಬಿನ್ ಫೈಲ್ ಅನ್ನು ಅದರಲ್ಲಿ ಯಾವ ಫೋಲ್ಡರ್ ಒಳಗೂ ಹಾಕದೆ ನೇರ ಹೊರಗೇ ಇಡಿ. ಇಜೆಕ್ಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಅಪ್‌ಡೇಟ್ ಯುವರ್ ಕಿಂಡಲ್' ಆಯ್ಕೆ ಮಾಡಿ. ಅದು ಮಸುಕಾಗಿದ್ದರೆ ಫೈಲ್ ಇಟ್ಟ ಜಾಗ ತಪ್ಪಿರಬಹುದು, ಇಲ್ಲಾ ಎರಡು ಸಲ ಡೌನ್‌ಲೋಡ್ ಆಗಿ ಹೆಸರಿನ ಕೊನೆಗೆ ಬ್ರಾಕೆಟ್‌ನಲ್ಲಿ 1 ಸೇರಿಕೊಂಡಿರಬಹುದು, ನೋಡಿ. ಅಪ್‌ಡೇಟ್ ಆದರೆ ಲೈಬ್ರರಿಯಲ್ಲಿ 'ರನ್ ಹಾಟ್‌ಫಿಕ್ಸ್' ಬರುತ್ತದೆ, ಅದನ್ನು ಒಮ್ಮೆ ತೆರೆಯಿರಿ. ಆಮೇಲೆ ಕೆಯುಎಎಲ್ ಹಾಕಿ, ಬ್ಯಾಕಪ್ ವಾಪಸ್ ಕಾಪಿ ಮಾಡಿ. ಮುಂದೆ ಯಾವಾಗಲಾದರೂ ಫರ್ಮ್‌ವೇರ್ ಅಪ್‌ಡೇಟ್ ಆದರೂ ಇದೇ 'ರನ್ ಹಾಟ್‌ಫಿಕ್ಸ್' ಮತ್ತೆ ಒತ್ತಬೇಕು.

ಎಲ್ಲಾ ಸರಿಯಿದ್ದೂ ಹಾಟ್‌ಫಿಕ್ಸ್ ತಗೊಳ್ಳದಿದ್ದರೆ ಕೀ ಹೋಗಿದೆ ಅಂತಲೇ ಲೆಕ್ಕ. ಆಗ ಹೊಸದಾಗಿ ಜೈಲ್‌ಬ್ರೇಕ್ ಮಾಡಬೇಕು, ಅದಕ್ಕೆ ಮೊದಲು ಫರ್ಮ್‌ವೇರ್ ನಂಬರ್ ನೋಡಿ. 2025ರಲ್ಲಿ ಬಂದ ವಿಂಟರ್‌ಬ್ರೇಕ್ ಅನ್ನುವ ಜೈಲ್‌ಬ್ರೇಕ್ ವಿಧಾನ ಫರ್ಮ್‌ವೇರ್ 5.18.1ರಿಂದ ಮುಂದಕ್ಕೆ ನಡೆಯುವುದಿಲ್ಲ.